"ಲಾಸ್ಟ್ ಎಷ್ಟು?" ಅನ್ನುವ ಮುಂಚೆ: ಆನ್‌ಲೈನ್‌ನಲ್ಲಿ ಖಾಸಗಿಯವರಿಂದ ಕೊಳ್ಳುವಾಗ ಮಾತಾಡುವ, ದುಡ್ಡು ಕೊಡುವ ರೀತಿ

ಮನೆ ಬದಲಾಯಿಸುವಾಗ ಮಗನ ಓದುವ ಮೇಜು ಮಾರೋಣ ಅಂತ ಆನ್‌ಲೈನ್‌ನಲ್ಲಿ ಹಾಕಿದ್ದೆ. ನಾಲ್ಕು ಫೋಟೊ, ಅಳತೆ, ಬೆಲೆ 3,500 ರೂಪಾಯಿ, "ವಿಜಯನಗರದಿಂದ ನೀವೇ ಒಯ್ಯಬೇಕು" ಅನ್ನುವ ಸಾಲು, ಎಲ್ಲ ಬರೆದಿದ್ದೆ. ಸಂಜೆಯೊಳಗೆ ಮೂವತ್ತಕ್ಕೂ ಜಾಸ್ತಿ ಮೆಸೇಜ್ ಬಂದವು. ಅರ್ಧಕ್ಕರ್ಧ ಬರೀ "ಲಾಸ್ಟ್ ಎಷ್ಟು?" ಒಬ್ಬರು "ಹಾಯ್" ಅಂತ ಹಾಕಿ ಸುಮ್ಮನಾದರು. ಮಾರನೇ ದಿನ ಮತ್ತೆ "ಹಾಯ್". ಇನ್ನೊಬ್ಬರು ಭಾನುವಾರ ಹತ್ತಕ್ಕೆ ಬರುತ್ತೇನೆ ಅಂದರು. ಹನ್ನೆರಡಾದರೂ ಸುಳಿವಿಲ್ಲ, ಫೋನೂ ಎತ್ತಲಿಲ್ಲ.

ಕೊನೆಗೆ ಮೇಜು ಹೋಗಿದ್ದು ಒಬ್ಬ ನರ್ಸ್ ಮನೆಗೆ. ಅವರ ಮೊದಲ ಮೆಸೇಜ್ ಹೀಗಿತ್ತು: "ನಮಸ್ಕಾರ. ಮೇಜು ಇನ್ನೂ ಇದೆಯಾ? 3,200ಕ್ಕೆ ಆಗುತ್ತೆ ಅಂದ್ರೆ ನಾಳೆ ಸಂಜೆ 6ಕ್ಕೆ ಗಾಡಿ ತರುತ್ತೇನೆ. ಯುಪಿಐ ಮಾಡಲಾ, ಕ್ಯಾಶ್ ಬೇಕಾ?" ಎರಡು ನಿಮಿಷದಲ್ಲಿ ಒಪ್ಪಿಕೊಂಡೆ. ಪೂರ್ತಿ 3,500 ಕೊಡಲು ತಯಾರಿದ್ದ ಇನ್ನೊಬ್ಬರಿದ್ದರು. ಆದರೆ ಜಾಹೀರಾತಲ್ಲೇ ಬರೆದಿದ್ದನ್ನು ಒಂದೊಂದಾಗಿ ಕೇಳಿ ಕೇಳಿ ನನ್ನ ತಲೆ ತಿಂದಿದ್ದರು.

ಹತ್ತು ವರ್ಷ ಕೊಳ್ಳುವವನಾಗಿ ನಾನು ಏನೇನು ಕಿರಿಕಿರಿ ಮಾಡಿದ್ದೆ ಅಂತ ಆ ದಿನ ಗೊತ್ತಾಯಿತು. ಅವತ್ತಿನಿಂದ ತಿದ್ದಿಕೊಂಡ ಪದ್ಧತಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದರಲ್ಲಿ ಒಂದು ವಿಚಿತ್ರ ಗಮನಿಸಿದ್ದೇನೆ. ಮಾರುವವರಿಗೆ ಮರ್ಯಾದೆ ಅನ್ನಿಸುವ ನಡವಳಿಕೆಯೇ ಬಹುಪಾಲು ನಮ್ಮ ದುಡ್ಡನ್ನೂ ಕಾಯುತ್ತದೆ.

ಮೊದಲು: ಎದುರಿಗಿರುವವರು ಅಂಗಡಿಯವರಲ್ಲ

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪು, ಇನ್‌ಸ್ಟಾಗ್ರಾಂ ಪೇಜು, ಎಲ್ಲ ಕಡೆ ಮಾರುವವರು ಸಿಗುತ್ತಾರೆ. ಆದರೆ ಎಲ್ಲರೂ ಒಂದೇ ತರಹದವರಲ್ಲ. ಮನೆ ಖಾಲಿ ಮಾಡುತ್ತಾ ಹಳೇ ಫ್ರಿಜ್ ಮಾರುವವರು ಒಂದು ಬಗೆ. ಅವರಿಗೆ ಜಾಗ ಖಾಲಿಯಾದರೆ ಸಾಕು. ಮನೆಯಿಂದಲೇ ಸೀರೆ, ಉಪ್ಪಿನಕಾಯಿ, ಗಿಡ ಮಾರುವವರು ಇನ್ನೊಂದು ಬಗೆ. ಇವರಿಗೆ ಇದೇ ಜೀವನ, ಹೆಸರು ಕೆಡಿಸಿಕೊಳ್ಳಲು ಇಷ್ಟಪಡುವುದಿಲ್ಲ. ಹಳೇ ಪುಸ್ತಕ, ನಾಣ್ಯ, ಕ್ಯಾಮೆರಾ ಮಾರುವವರಲ್ಲಿ ಎಷ್ಟೋ ಜನ ತಾವೇ ಸಂಗ್ರಹಕಾರರು. ವಸ್ತು ಯಾರ ಕೈಗೆ ಹೋಗುತ್ತದೆ ಅನ್ನುವುದೂ ಅವರಿಗೆ ಮುಖ್ಯ.

ಕಾನೂನೂ ಇವರನ್ನು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. 2020ರ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು ವ್ಯಾಪಾರವಾಗಿ, ನಿಯಮಿತವಾಗಿ ಮಾಡದ, ಸ್ವಂತ ನೆಲೆಯಲ್ಲಿ ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಅಂದರೆ ನೆರೆ ಬಡಾವಣೆಯವರಿಂದ ಹಳೇ ಮಿಕ್ಸಿ ತಂದು, ಅದು ಮೂರನೇ ದಿನ ಕೆಟ್ಟರೆ, ರಿಟರ್ನ್ ಬಟನ್ ಇಲ್ಲ, ಕಸ್ಟಮರ್ ಕೇರ್ ಇಲ್ಲ. ಇರುವುದು ನಿಮ್ಮಿಬ್ಬರ ಚಾಟ್ ಮತ್ತು ಬ್ಯಾಂಕಿನ ದಾಖಲೆ. ಹಾಗಾಗಿ ಆ ಚಾಟ್‌ನಲ್ಲಿ ಏನು ಬರೆಯುತ್ತೀರಿ ಅನ್ನುವುದಕ್ಕೆ ಬೆಲೆ ಇದೆ.

ಮೊದಲ ಮೆಸೇಜ್

ಜಾಹೀರಾತನ್ನು ಪೂರ್ತಿ ಓದಿ. ಫೋಟೊ ಎಲ್ಲ ಸರಿಸಿ ನೋಡಿ. "ಇದೆಯಾ?" ಅನ್ನುವ ಒಂದೇ ಪದವನ್ನು ಆ್ಯಪ್ ತಾನೇ ಟೈಪ್ ಮಾಡಿ ಕೊಡುತ್ತದೆ. ಅದನ್ನು ಒತ್ತಿ ಕಳಿಸುವವರು ದಿನಕ್ಕೆ ಹತ್ತು ಜನ ಇರುತ್ತಾರೆ, ಅದಕ್ಕೇ ಮಾರುವವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೊದಲ ಮೆಸೇಜ್‌ನಲ್ಲಿ ನಾಲ್ಕು ವಿಷಯ ಇರಲಿ: ಯಾವ ವಸ್ತು (ಅವರು ಐದಾರು ಹಾಕಿರಬಹುದು), ನೀವು ಯಾವ ಊರು, ಯಾವಾಗ ಬೇಕು, ಒಂದೆರಡು ನಿಜವಾದ ಪ್ರಶ್ನೆ.

"ನಮಸ್ಕಾರ ಮೇಡಂ. ನೀವು ಹಾಕಿರುವ ಹಸಿರು ಇಳಕಲ್ ಸೀರೆ, ಎರಡನೇ ಫೋಟೊದ್ದು, ಇನ್ನೂ ಇದೆಯಾ? ನಾನು ಶಿವಮೊಗ್ಗದಲ್ಲಿದ್ದೇನೆ. ಮುಂದಿನ ಶುಕ್ರವಾರದೊಳಗೆ ಕೈ ಸೇರಬೇಕು. ಸೆರಗು ರೇಷ್ಮೆನಾ, ಆರ್ಟ್ ಸಿಲ್ಕಾ? ಕೊರಿಯರ್ ಸೇರಿ ಎಷ್ಟಾಗುತ್ತೆ?"

ಇಷ್ಟಿದ್ದರೆ ಅವರು ಒಂದೇ ಉತ್ತರದಲ್ಲಿ ಮುಗಿಸಬಹುದು. "ಪ್ರೈಸ್ ಪ್ಲೀಸ್" ಅಂತ ಕಾಮೆಂಟ್ ಹಾಕಿ ಮಾಯವಾಗುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಹೇಗೆ ಕರೆಯುವುದು? ಗೊತ್ತಿಲ್ಲದವರನ್ನು "ಬ್ರೋ", "ಗುರು", "ಡಿಯರ್" ಅನ್ನುವುದು ಬೇಡ. ಸರ್, ಮೇಡಂ, ಅಥವಾ ಹೆಸರಿನ ಜೊತೆ "ಅವರೇ" ಸಾಕು. ಕನ್ನಡದಲ್ಲಿ ಏಕವಚನ ಬಹುವಚನದ ಏಟು ಜೋರು. "ಕಳ್ಸು" ಅಂದಿದ್ದು ಬೆರಳು ಜಾರಿ ಬಂದ ಪದವಾದರೂ ಓದುವವರಿಗೆ ಚುಚ್ಚುತ್ತದೆ. ಧಾರವಾಡದ ಕಡೆ "ಅಕ್ಕಾರ", "ಅಣ್ಣಾರ" ಸಹಜ, ಅಲ್ಲಿಯವರು ಹಾಗೆ ಕರೆದರೆ ನೀವೂ ಹಾಗೇ ಮುಂದುವರಿಸಿ.

ಇನ್ನು ಕರೆ. ನಂಬರ್ ಕೊಟ್ಟಿದ್ದಾರೆ ಅಂತ ರಾತ್ರಿ ಹತ್ತೂವರೆಗೆ ಫೋನ್ ಮಾಡಬೇಡಿ. "ಎರಡು ನಿಮಿಷ ಮಾತಾಡಬಹುದಾ? ಯಾವಾಗ ಅನುಕೂಲ?" ಅಂತ ಬರೆದು ಕೇಳಿ. ಕೇಳದೆ ವಿಡಿಯೊ ಕಾಲ್ ಅಂತೂ ಬೇಡವೇ ಬೇಡ. ಮನೆಯಲ್ಲಿ ಒಂಟಿಯಾಗಿ ಕೂತು ಮಾರುವ ಹೆಣ್ಣುಮಕ್ಕಳಿಗೆ ಇದು ಎಷ್ಟು ಹಿಂಸೆ ಅಂತ ಕೇಳಿ ನೋಡಿ, ಕತೆಗಳೇ ಸಿಗುತ್ತವೆ. ನಾಲ್ಕು ನಿಮಿಷದ ವಾಯ್ಸ್ ನೋಟ್ ಕೂಡ ಉಪದ್ರವವೇ. ಅದರೊಳಗೆ ಅಳತೆ ಎಲ್ಲಿ, ವಿಳಾಸ ಎಲ್ಲಿ ಅಂತ ಹುಡುಕಲು ಆಗುವುದಿಲ್ಲ, ನಾಳೆ ತಕರಾರು ಬಂದರೆ ತೋರಿಸಲೂ ಆಗುವುದಿಲ್ಲ.

ಫೋಟೊ ಕೇಳುವುದು

ಸೀರೆಯ ಬಣ್ಣ ಫೋನಿನಲ್ಲಿ ಸುಳ್ಳು ಹೇಳುತ್ತದೆ. ನನ್ನ ಹೆಂಡತಿ ಒಮ್ಮೆ ಗಿಳಿಹಸಿರು ಅಂತ ತರಿಸಿದ್ದು ಬಿಚ್ಚಿದಾಗ ಪಾಚಿ ಬಣ್ಣವಾಗಿತ್ತು. ಮಾರಿದವರ ತಪ್ಪೇನಿರಲಿಲ್ಲ, ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊ ಅದು. ಈಗ ಅವಳು ಕೇಳುವುದೇ ಬೇರೆ: "ಬೆಳಗ್ಗೆ ಬಾಗಿಲ ಹತ್ತಿರ ಹಗಲು ಬೆಳಕಲ್ಲಿ ಒಂದು ಫೋಟೊ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು." ಬಿಳಿ ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಅಷ್ಟೇ ಬದಲಾಗಿದೆ ಅಂತ ಲೆಕ್ಕ. ಇಳಕಲ್ ಸೀರೆಗೆ ಇನ್ನೊಂದು ಫೋಟೊ ಬೇಕೇ ಬೇಕು, ಮೈಗೂ ಸೆರಗಿಗೂ ಕೂಡುವ ಜಾಗದ್ದು. ಅಲ್ಲಿ ಕೈಮಗ್ಗದವರು ಮೈಯ ಹಾಸುನೂಲನ್ನೂ ಸೆರಗಿನ ನೂಲನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಜೋಡಣೆಯ ಗುರುತು ಹತ್ತಿರದ ಫೋಟೊದಲ್ಲಿ ಕಾಣುತ್ತದೆ. ಇದನ್ನು ಕೇಳಿದರೆ ನಿಜವಾದ ಮಾರಾಟಗಾರರು ಖುಷಿಪಡುತ್ತಾರೆ, ಇವರಿಗೆ ಗೊತ್ತಿದೆ ಅಂತ.

ಫೋಟೊಗಳನ್ನು ಒಂದೇ ಸಲ ಕೇಳಿ. ಇವತ್ತು ಅಂಚು, ನಾಳೆ ಸೆರಗು, ನಾಡಿದ್ದು "ಉಟ್ಟುಕೊಂಡು ತೋರಿಸ್ತೀರಾ" ಅನ್ನುವುದು ಸರಿಯಲ್ಲ. ಕೊನೆಯದು ಯಾವತ್ತೂ ಸರಿಯಲ್ಲ. ಹಳೇ ಪುಸ್ತಕವಾದರೆ ಬೆನ್ನು, ಹರಿದ ಪುಟ, ಮುದ್ರಣದ ವರ್ಷ ಇರುವ ಪುಟ. ಎಲೆಕ್ಟ್ರಾನಿಕ್ ಸಾಮಾನಾದರೆ ಆನ್ ಮಾಡಿ ತೆಗೆದ ಹತ್ತು ಸೆಕೆಂಡಿನ ವಿಡಿಯೊ.

ವಸ್ತು ನಿಜವಾಗಿ ಅವರ ಹತ್ತಿರ ಇದೆಯಾ ಅನ್ನುವ ಸಂಶಯ ಇದ್ದರೆ, ಒಂದು ಚೀಟಿಯಲ್ಲಿ ಇವತ್ತಿನ ತಾರೀಖು ಬರೆದು ವಸ್ತುವಿನ ಪಕ್ಕ ಇಟ್ಟು ಫೋಟೊ ಕೇಳುವ ರೂಢಿ ಇದೆ. "ತಪ್ಪು ತಿಳಿಯಬೇಡಿ, ದೂರದಿಂದ ತರಿಸುತ್ತಿದ್ದೇನೆ ಅದಕ್ಕೆ" ಅಂತ ಒಂದು ಮಾತು ಸೇರಿಸಿ. ಇದಕ್ಕೆ ಸಿಟ್ಟಾಗುವವರಿಂದ ನಾನು ಕೊಳ್ಳುವುದಿಲ್ಲ.

ಚೌಕಾಸಿ

ಚೌಕಾಸಿ ಮಾಡುವುದು ತಪ್ಪಲ್ಲ. ಬಳಸಿದ ಸಾಮಾನು ಮಾರುವವರು ಸಾಮಾನ್ಯವಾಗಿ ಸ್ವಲ್ಪ ಜಾಗ ಇಟ್ಟುಕೊಂಡೇ ಬೆಲೆ ಹಾಕುತ್ತಾರೆ. ತಪ್ಪಾಗುವುದು ವಸ್ತು ನೋಡದೆ, ಪ್ರಶ್ನೆ ಕೇಳದೆ ಬೆಲೆ ಎಳೆಯುವುದು. "ಲಾಸ್ಟ್ ಎಷ್ಟು" ಅಂದರೆ ಅವರೇ ಅವರ ವಿರುದ್ಧ ಚೌಕಾಸಿ ಮಾಡಲಿ ಅಂದ ಹಾಗೆ. ನಿಮ್ಮ ಸಂಖ್ಯೆ ನೀವೇ ಹೇಳಿ, ಕಾರಣ ಹೇಳಿ, ಜೊತೆಗೆ ಅವರಿಗೆ ಏನು ಲಾಭ ಅನ್ನುವುದನ್ನೂ ಹೇಳಿ: "ಒಂದು ಕಾಲು ಅಲುಗಾಡುತ್ತೆ ಅಂದಿದ್ದೀರಿ, ರಿಪೇರಿಗೆ 300 ಆಗಬಹುದು. 3,200 ಮಾಡಿಕೊಡಿ, ಇವತ್ತೇ ಒಯ್ಯುತ್ತೇನೆ." ಒಂದು ಸಲ ಕೇಳಿ, ಜಾಸ್ತಿ ಅಂದರೆ ಎರಡು. ಅರ್ಧ ಬೆಲೆಗೆ ಕೇಳುವುದು ಕೆ.ಆರ್. ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ನಡೆಯಬಹುದು, ಇಲ್ಲಿ ಬ್ಲಾಕ್ ಆಗುತ್ತೀರಿ.

ಕೈಯಿಂದ ಮಾಡಿದ್ದರ ಬೆಲೆಯಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ನೇಯ್ಗೆ, ಕಸೂತಿ, ಮನೆಯ ಉಪ್ಪಿನಕಾಯಿ, ಇವಕ್ಕೆ ಬೇಕಾದರೆ "ಎರಡು ತಗೊಂಡರೆ ಕೊರಿಯರ್ ಬಿಡುತ್ತೀರಾ?" ಅಂತ ಕೇಳುತ್ತೇನೆ. ಇದು ನನ್ನ ಅಭಿಪ್ರಾಯ, ನೀವು ಒಪ್ಪಲೇಬೇಕು ಅಂತಿಲ್ಲ.

ಒಂದು ಮಾತ್ರ ಪಕ್ಕಾ. ಬೆಲೆ ಒಪ್ಪಿಕೊಂಡು, ಗಾಡಿ ತಂದು, ಬಾಗಿಲಲ್ಲಿ ನಿಂತು "ಇಷ್ಟೇ ತಂದಿರೋದು" ಅನ್ನುವವರಿದ್ದಾರಲ್ಲ, ಆ ಆಟ ಬೇಡ. ಜಾಹೀರಾತಿನಲ್ಲಿ ಇಲ್ಲದ ದೋಷ ಎದುರಿಗೆ ಕಂಡರೆ ಮಾತ್ರ ಬೆಲೆ ಮತ್ತೆ ಮಾತಾಡಬಹುದು. ಬೇಡ ಅನ್ನಿಸಿದರೆ "ಬೇಡ, ಮನಸ್ಸು ಬದಲಾಯಿತು, ಕ್ಷಮಿಸಿ" ಅಂತ ಒಂದು ಸಾಲು ಬರೆಯಿರಿ. ಮಾರುವವರನ್ನು ಕಾಯಿಸಿ ಮಾಯವಾಗುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ಮಾತು ಮುಗಿದ ಮೇಲೆ ಒಂದು ಮೆಸೇಜ್

ಬೆಲೆ ಕುದುರಿತು. ದುಡ್ಡು ಕಳಿಸುವ ಮುಂಚೆ ಎಲ್ಲವನ್ನೂ ಒಂದೇ ಮೆಸೇಜ್‌ನಲ್ಲಿ ಬರೆದು ಕಳಿಸಿ. ನನ್ನ ಅನುಭವದಲ್ಲಿ ಇಡೀ ವ್ಯವಹಾರದಲ್ಲಿ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ.

"ಮೇಡಂ, ಒಮ್ಮೆ ಖಾತ್ರಿ ಮಾಡಿಕೊಳ್ಳುತ್ತೇನೆ. ಹಸಿರು ಇಳಕಲ್, ಕೆಂಪು ಸೆರಗು, ಒಂದು. ಸೀರೆ 2,800, ಸ್ಪೀಡ್ ಪೋಸ್ಟ್ 100, ಒಟ್ಟು 2,900. ಇವತ್ತು ಪೂರ್ತಿ ಹಣ ಕೊಟ್ಟರೆ ನಾಳೆ ಕಳಿಸುತ್ತೀರಿ. ಡ್ಯಾಮೇಜ್ ಇದ್ದರೆ ವಾಪಸ್ ತಗೊಳ್ಳುತ್ತೀರಿ, ಬಣ್ಣ ಹಿಡಿಸಲಿಲ್ಲ ಅಂದ್ರೆ ಇಲ್ಲ. ಸರಿನಾ?"

ಅವರು "ಸರಿ" ಅಂದರೆ ಆಯಿತು. ಅವರ ತಲೆಯಲ್ಲಿ ಕೊರಿಯರ್ ಬೇರೆ ಅಂತ ಇದ್ದರೆ ಈಗಲೇ ಗೊತ್ತಾಗುತ್ತದೆ. ನಾಳೆ ಜಗಳವಾದರೆ ನೀವಿಬ್ಬರೂ ಮೇಲಕ್ಕೆ ಸರಿಸಿ ನೋಡುವುದು ಇದೇ ಮೆಸೇಜನ್ನು.

ವಸ್ತು ಹಿಡಿದಿಡಿ ಅನ್ನುವುದಾದರೆ ಅಡ್ವಾನ್ಸ್ ವಿಷಯವನ್ನೂ ಇಲ್ಲೇ ಬರೆಯಿರಿ. ಎಷ್ಟು, ಯಾವ ದಿನದವರೆಗೆ, ನೀವು ಬರದಿದ್ದರೆ ಅದು ಹೋಯಿತೋ ವಾಪಸ್ಸೋ. ಕಣ್ಣಿಂದ ನೋಡದ ವಸ್ತುವಿಗೆ, ಅದರಲ್ಲೂ ಬಾಡಿಗೆ ಮನೆಗೆ, ಬೈಕಿಗೆ, ಅಪರಿಚಿತರು "ಟೋಕನ್ ಹಾಕಿ, ಇನ್ನೊಬ್ಬರು ಕಾಯ್ತಿದಾರೆ" ಅಂತ ಅವಸರ ಮಾಡಿದರೆ ಬಿಟ್ಟುಬಿಡಿ. ಹೋದರೆ ಹೋಗಲಿ.

ದುಡ್ಡು ಕೊಡುವುದು

2016ರಲ್ಲಿ ಯುಪಿಐ ಬಂದ ಮೇಲೆ ಈ ಭಾಗ ಸುಲಭವಾಯಿತು. ಸುಲಭವಾಗಿದ್ದಕ್ಕೇ ಎಡವಟ್ಟುಗಳೂ ಜಾಸ್ತಿ.

ಹೇಗೆ ಕೊಡಲಿ ಅಂತ ಅವರನ್ನೇ ಕೇಳಿ. ಚಾಟ್‌ನಲ್ಲಿ ನಂಬರ್ ಸಿಕ್ಕಿತು ಅಂತ ಅದಕ್ಕೇ ಹಾಕಿಬಿಡಬೇಡಿ. ಆ ನಂಬರಿಗೆ ಅವರು ಬಳಸದೆ ಬಿಟ್ಟ ಖಾತೆ ಕೂಡಿಕೊಂಡಿರಬಹುದು. ಕೆಲವರು ನಗದೇ ಕೇಳುತ್ತಾರೆ. ಅದರ ಹಿಂದೆ ಯಾವಾಗಲೂ ಕಳ್ಳಾಟ ಇರಬೇಕೆಂದಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಬೋರ್ಡೇ ಕೆಳಗಿಳಿದಿತ್ತು. ಆ ಭಯ ಮನೆಯಲ್ಲಿ ಮಾರುವವರಿಗೂ ಇದೆ. ನಗದು ಕೊಡುವುದು ನೇರ ಭೇಟಿಯಲ್ಲಿ ಮಾತ್ರ. ಕೊಟ್ಟ ಮೇಲೆ "3,200 ನಗದು ತಲುಪಿತು ಅಂತ ಒಂದು ಮೆಸೇಜ್ ಹಾಕಿಬಿಡಿ" ಅಂತ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ಅವರು ನೋಟು ಎಣಿಸುವಾಗ "ನಂಬಿಕೆ ಇಲ್ವಾ" ಅನ್ನಬೇಡಿ. ಎಣಿಸಲಿ, ಎಣಿಸಲಿ ಅಂತಲೇ ಕೊಟ್ಟಿದ್ದು.

ಯುಪಿಐ ಆದರೆ ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಹೆಸರು ಓದಿ. ಅದು ಬ್ಯಾಂಕ್ ಖಾತೆಯಲ್ಲಿರುವ ಹೆಸರು. ಚಾಟ್‌ನಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು ಬಂದರೆ ನಿಲ್ಲಿ, ಕೇಳಿ. "ಇದು ನಮ್ಮ ಯಜಮಾನರ ಖಾತೆ" ಅಂತ ಉತ್ತರ ಬರಬಹುದು, ಅದು ಸಾಮಾನ್ಯ. ಆ ಉತ್ತರವೂ ಚಾಟ್‌ನಲ್ಲಿ ಇರಲಿ. ಮೊತ್ತ ದೊಡ್ಡದಿದ್ದರೆ ಮೊದಲು ಒಂದು ರೂಪಾಯಿ ಹಾಕಿ, "ಬಂತಾ?" ಅಂತ ಕೇಳಿ, ಆಮೇಲೆ ಉಳಿದಿದ್ದು. ಸಾಮಾನ್ಯ ಯುಪಿಐ ಮಿತಿ ದಿನಕ್ಕೆ ಒಂದು ಲಕ್ಷ. ಹೊಸ ಫೋನಿನಲ್ಲಿ ಆ್ಯಪ್ ಹಾಕಿದ್ದರೆ ಬಹಳಷ್ಟು ಬ್ಯಾಂಕ್‌ಗಳು ಮೊದಲ 24 ಗಂಟೆ 5,000ಕ್ಕಿಂತ ಜಾಸ್ತಿ ಬಿಡುವುದಿಲ್ಲ. ಇದನ್ನು ಮಾರುವವರ ಮನೆ ಬಾಗಿಲಲ್ಲಿ ನಿಂತಾಗ ಕಂಡುಕೊಳ್ಳಬೇಡಿ. ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಯಾರ ಖಾತೆಯಿಂದ ಕೊಡುತ್ತೀರಿ ಅನ್ನುವುದೂ ಮುಖ್ಯ. ನಿಮ್ಮ ಖಾತೆಯಿಂದಲೇ ಕೊಡಿ. ತಮ್ಮನೋ ಗೆಳೆಯನೋ ಹಾಕುತ್ತಾರೆ ಅಂದರೆ ಮೊದಲೇ ಹೇಳಿ: "ನನ್ನ ತಮ್ಮನ ಖಾತೆಯಿಂದ ಬರುತ್ತೆ, ಹೆಸರು ಹೀಗಿರುತ್ತೆ." ವಂಚನೆಯ ದುಡ್ಡು ಗೊತ್ತಿಲ್ಲದೆ ಖಾತೆಗೆ ಬಂದು, ಪೊಲೀಸ್ ದೂರಿನ ಮೇಲೆ ಖಾತೆಯೇ ಸ್ಥಗಿತವಾದವರಿದ್ದಾರೆ. ಹಾಗಾಗಿ ಅಪರಿಚಿತ ಹೆಸರಿನಿಂದ ಹಣ ಬಂದರೆ ಮಾರುವವರು ಗಾಬರಿಯಾಗುವುದು ಸಹಜ.

ಆ್ಯಪ್‌ನಲ್ಲಿ ಟಿಪ್ಪಣಿ ಬರೆಯುವ ಜಾಗ ಇದೆ. "ಇಳಕಲ್ ಸೀರೆ ಹಸಿರು" ಅಂತ ಬರೆಯಿರಿ. ಗೆಳೆಯರಿಗೆ ಬರೆಯುವ ಹಾಗೆ "ಲಂಚ", "ಗಾಂಜಾ" ಅಂತ ತಮಾಷೆ ಮಾಡಬೇಡಿ. ಅದು ಇನ್ನೊಬ್ಬರ ಬ್ಯಾಂಕ್ ದಾಖಲೆಯಲ್ಲಿ ಕೂರುತ್ತದೆ.

ಕಳಿಸಿದ ಮೇಲೆ ಸ್ಕ್ರೀನ್‌ಶಾಟ್ ಹಾಕುವುದು ರೂಢಿ. ಹಾಕಿ, ಆದರೆ ಅದನ್ನೇ ಸಾಕ್ಷಿ ಅಂತ ಹಟ ಹಿಡಿಯಬೇಡಿ. ನಕಲಿ ಸ್ಕ್ರೀನ್‌ಶಾಟ್ ಮಾಡುವ ಆ್ಯಪ್‌ಗಳೇ ಇವೆ, ಮಾರುವವರಿಗೂ ಗೊತ್ತು. 12 ಅಂಕಿಯ ಯುಟಿಆರ್ ನಂಬರನ್ನು, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆಯನ್ನು, ಕಾಪಿ ಮಾಡಿ ಬರೆಯಿರಿ, "ನಿಮ್ಮ ಖಾತೆಯಲ್ಲಿ ನೋಡಿ ಹೇಳಿ" ಅನ್ನಿ. ಅವರು ನೋಡುವ ತನಕ ಕಾಯಿರಿ. ಹತ್ತು ನಿಮಿಷ ತಡವಾಯಿತು ಅಂತ ನಾಲ್ಕು ಪ್ರಶ್ನಾರ್ಥಕ ಚಿಹ್ನೆ ಬೇಡ. ಅವರು ಅಡುಗೆ ಮನೆಯಲ್ಲಿರಬಹುದು, ಬಸ್ಸಿನಲ್ಲಿರಬಹುದು.

ದುಡ್ಡು ನಡುವೆ ಸಿಕ್ಕಿಕೊಂಡರೆ? ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಅಡೀನಿಯಂ ಗಿಡಗಳಿಗೆ 1,850 ಕಳಿಸಿದೆ, ಪರದೆ ಮೇಲೆ ಸುತ್ತುತ್ತಾ "ಪೆಂಡಿಂಗ್" ಅಂತ ಬಂತು. ಮಾರುವವರು ಕಾಯುತ್ತಿದ್ದಾರೆ ಅಂತ ಅವಸರದಲ್ಲಿ ಮತ್ತೊಮ್ಮೆ ಹಾಕಿದೆ. ಅರ್ಧ ಗಂಟೆ ಬಿಟ್ಟು ಎರಡೂ ಹೋಯಿತು. ಆ ತಾಯಿ ಒಳ್ಳೆಯವರು, ಬೆಳಗ್ಗೆ ತಾವೇ ನೋಡಿ ವಾಪಸ್ ಹಾಕಿದರು. ಎಲ್ಲರೂ ಹಾಗಿರುವುದಿಲ್ಲ. ಪೆಂಡಿಂಗ್ ಅಂತ ಬಂದರೆ ಮತ್ತೆ ಹಾಕಬೇಡಿ, "ಪೆಂಡಿಂಗ್ ಇದೆ, ತೀರ್ಮಾನ ಆದ ಮೇಲೆ ಹೇಳುತ್ತೇನೆ, ವಸ್ತು ಆಮೇಲೇ ಕಳಿಸಿ" ಅಂತ ಬರೆಯಿರಿ. ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ರಿಸರ್ವ್ ಬ್ಯಾಂಕ್ ನಿಯಮ. ಅದಕ್ಕೆ ಬ್ಯಾಂಕನ್ನು ಕೇಳಬೇಕು, ಮಾರುವವರನ್ನು ಬೈಯುವುದಲ್ಲ.

ನೀವು ಮಾರುವ ಕಡೆ ಇದ್ದಾಗ ಒಂದು ನೆನಪಿರಲಿ. ಹಣ ಪಡೆಯಲು ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. "ನಾನು ಸೈನ್ಯದಲ್ಲಿದ್ದೇನೆ, ವರ್ಗಾವಣೆಯಾಗಿದೆ, ಸಾಮಾನು ನೋಡದೆ ಕೊಳ್ಳುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಹಣ ತಗೊಳ್ಳಿ" ಅನ್ನುವ ನಾಟಕ ಓಎಲ್‌ಎಕ್ಸ್ ಬಳಸಿದ ಎಷ್ಟೋ ಜನರಿಗೆ ಗೊತ್ತಿರುವುದೇ. "ತಪ್ಪಿ ಜಾಸ್ತಿ ಹಾಕಿದೆ, ವಾಪಸ್ ಕಳಿಸಿ" ಅನ್ನುವುದು ಇನ್ನೊಂದು. ಎಸ್‌ಎಂಎಸ್ ನಂಬಬೇಡಿ, ಖಾತೆ ತೆಗೆದು ಬ್ಯಾಲೆನ್ಸ್ ನೋಡಿ. ವ್ಯಕ್ತಿಯಿಂದ ವ್ಯಕ್ತಿಗೆ ಕಲೆಕ್ಟ್ ರಿಕ್ವೆಸ್ಟ್, ಅಂದರೆ "ಇಷ್ಟು ಹಣ ಕೊಡಿ" ಅನ್ನುವ ಕೋರಿಕೆ, ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿದೆ, ಇಂಥ ಮೋಸಗಳ ಕಾರಣಕ್ಕೇ. ಈ ನಾಟಕಗಳಿಂದಾಗಿ ಪ್ರಾಮಾಣಿಕ ಕೊಳ್ಳುವವರ ಮೇಲೂ ಸಂಶಯ ಬೀಳುತ್ತದೆ. ಮಾರುವವರು ಬೇಡ ಅಂದಮೇಲೆ ಕೋಡ್, ಲಿಂಕ್ ಕಳಿಸುವ ಉಮೇದು ಬಿಡಿ. ಅವರ ಐಡಿ ತಗೊಂಡು ನೀವೇ ಹಾಕಿ.

ಕ್ಯಾಶ್ ಆನ್ ಡೆಲಿವರಿ ಕೇಳಬಹುದಾ?

ಕೇಳಬಹುದು, ಒತ್ತಾಯ ಬೇಡ. ಹಿಂದೆ ಪುಸ್ತಕಗಳು ವಿಪಿಪಿಯಲ್ಲಿ ಬರುತ್ತಿದ್ದವು. ಅಂಚೆಯಣ್ಣನಿಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳುವುದು. ಬಿಡಿಸಿಕೊಳ್ಳದೆ ವಾಪಸ್ ಬಂದ ಕಟ್ಟುಗಳ ಖರ್ಚು ಕಳಿಸಿದವರ ತಲೆ ಮೇಲೇ ಬೀಳುತ್ತಿತ್ತು. ಮನೆಯಿಂದ ಮಾರುವವರ ಕಷ್ಟ ಇವತ್ತಿಗೂ ಅದೇ. ಮೊದಲ ಸಲದ ಭಯ ಇದ್ದರೆ ಅರ್ಧ ಮೊದಲು, ಪ್ಯಾಕ್ ಮಾಡಿದ ಫೋಟೊ ಮತ್ತು ಟ್ರ್ಯಾಕಿಂಗ್ ನಂಬರ್ ಬಂದ ಮೇಲೆ ಉಳಿದರ್ಧ ಅಂತ ಕೇಳಿ ನೋಡಿ. ಬಹಳ ಜನ ಒಪ್ಪುತ್ತಾರೆ. ಅಥವಾ ಮೊದಲು ಚಿಕ್ಕದೊಂದು ತರಿಸಿ. ಅರ್ಧ ಕೆಜಿ ಉಪ್ಪಿನಕಾಯಿಯಲ್ಲಿ ಒಬ್ಬರ ವ್ಯವಹಾರ ಎಂಥದು ಅಂತ ಗೊತ್ತಾಗುತ್ತದೆ.

ಪಾರ್ಸೆಲ್ ಬರುವ ತನಕ

ವಿಳಾಸವನ್ನು ಒಂದೇ ಮೆಸೇಜ್‌ನಲ್ಲಿ, ಕಾಪಿ ಮಾಡಲು ಬರುವಂತೆ, ಪಿನ್‌ಕೋಡ್ ಮತ್ತು ಫೋನ್ ನಂಬರ್ ಸಮೇತ ಕೊಡಿ. ಲೊಕೇಶನ್ ಪಿನ್ ಕಳಿಸಿದರೆ ಅಂಚೆ ಕಚೇರಿಯಲ್ಲಿ ಅದನ್ನು ಯಾರು ಓದುತ್ತಾರೆ? ಸ್ಪೀಡ್ ಪೋಸ್ಟ್ ನಂಬರ್ 13 ಅಕ್ಷರದ್ದು, ಇ ಅಕ್ಷರದಿಂದ ಶುರುವಾಗಿ ಐಎನ್ ಅಂತ ಮುಗಿಯುತ್ತದೆ. ಅದು ಸಿಕ್ಕ ಮೇಲೆ ನೀವೇ ಟ್ರ್ಯಾಕ್ ಮಾಡಿ. "ಎಲ್ಲಿಗೆ ಬಂತು?" ಅಂತ ದಿನಾ ಅವರನ್ನು ಕೇಳಿದರೆ ಅವರೂ ಅದೇ ಪುಟ ನೋಡಿ ಹೇಳಬೇಕು.

ದೊಡ್ಡ ಸಾಮಾನಿಗೆ ಬಸ್ ಪಾರ್ಸೆಲ್ ನಮ್ಮಲ್ಲಿ ಹಳೇ ಪದ್ಧತಿ. ಕೆಎಸ್‌ಆರ್‌ಟಿಸಿಯ "ನಮ್ಮ ಕಾರ್ಗೊ" ಪಾರ್ಸೆಲ್ ಸೇವೆ 2021ರಿಂದ ಇದೆ. ಬಸ್ ನಿಲ್ದಾಣಕ್ಕೆ ಹೋಗಿ ಬುಕ್ ಮಾಡುವುದು ಮಾರುವವರಿಗೆ ಅರ್ಧ ದಿನದ ಕೆಲಸ. ಆಟೊ ಖರ್ಚು ಸೇರಿಸಿ ಕೊಡುತ್ತೇನೆ ಅಂತ ನೀವೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ನಾಳೆ ಕಳಿಸುತ್ತೇನೆ ಅಂದವರು ಎರಡು ದಿನ ಸುಮ್ಮನಿದ್ದರೆ ಕೇಳುವುದು ನಿಮ್ಮ ಹಕ್ಕು. ಮೆತ್ತಗೆ ಶುರು ಮಾಡಿ: "ಮೇಡಂ, ಪಾರ್ಸೆಲ್ ಹೋಯಿತಾ? ರಸೀದಿ ಫೋಟೊ ಹಾಕಿ." ಇನ್ನೆರಡು ದಿನ ಬಿಟ್ಟು ತಾರೀಖು ಹಾಕಿ ಬರೆಯಿರಿ: "12ನೇ ತಾರೀಖು 2,900 ಕೊಟ್ಟಿದ್ದೇನೆ. 18ರೊಳಗೆ ಕಳಿಸಿ, ಇಲ್ಲ ಹಣ ವಾಪಸ್ ಮಾಡಿ." ಗ್ರೂಪಿನಲ್ಲಿ "ಮೋಸಗಾರರು" ಅಂತ ಹಾಕುವ ಮುಂಚೆ ಒಂದು ಕರೆ ಮಾಡಿ. ನನಗೊಮ್ಮೆ ಹೀಗೇ ಸಿಟ್ಟು ಬಂದಿತ್ತು, ಫೋನ್ ಎತ್ತಿದ್ದು ಆಸ್ಪತ್ರೆಯಿಂದ ಅವರ ಮಗಳು.

ನೀವೇ ಹೋಗಿ ತರುವುದಾದರೆ

ಬೆಂಗಳೂರಿನಲ್ಲಿ ಇದರದೇ ಒಂದು ರಾಮಾಯಣ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಆ್ಯಪ್ ಎಂಟ್ರಿ, ಸರ್ವಿಸ್ ಲಿಫ್ಟ್ ಸಂಜೆ ಇಷ್ಟರ ಮೇಲೆ ಇಲ್ಲ, ಸಾಮಾನು ಹೊರಗೆ ಒಯ್ಯಲು ಪರವಾನಗಿ ಚೀಟಿ. ಇದನ್ನೆಲ್ಲ ಹಿಂದಿನ ದಿನವೇ ಕೇಳಿ, ಗಾಡಿ ನಂಬರ್ ಮೊದಲೇ ಕಳಿಸಿ. ಎಷ್ಟು ಜನ ಬರುತ್ತೀರಿ ಅಂತ ಹೇಳಿ. ಬೀರು ಇಳಿಸಲು ಮನೆಯವರ ಕೈ ಹಾಕಿಸಬೇಡಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಒಂದು ಮೆಸೇಜ್. ಚಿಕ್ಕ, ದುಬಾರಿ ಸಾಮಾನಾದರೆ ಮೆಟ್ರೊ ಸ್ಟೇಷನ್, ಹೋಟೆಲ್, ಜನ ಇರುವ ಕಡೆ ಭೇಟಿ ಇಬ್ಬರಿಗೂ ನೆಮ್ಮದಿ. ಕೆಲವರು ರಾಹುಕಾಲದಲ್ಲಿ ಕೊಡುವುದಿಲ್ಲ, ಕೆಲವರು ಶುಕ್ರವಾರ ಸಂಜೆ ಮನೆಯಿಂದ ಏನೂ ಹೊರಗೆ ಕೊಡುವುದಿಲ್ಲ. ನೀವು ನಂಬದಿದ್ದರೂ ವಾದ ಮಾಡಬೇಡಿ, ಬೇರೆ ಸಮಯ ಕೇಳಿ.

ಫೋನ್ ಕೊಳ್ಳುವಾಗ ಎದುರಿಗೇ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ನೋಡಿ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ 15 ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಫೋನಿನ ವಿವರ, ಅದು ಬ್ಲಾಕ್ ಆಗಿದೆಯಾ ಅನ್ನುವುದು ತಿಳಿಯುತ್ತದೆ. "ನನ್ನ ಮೇಲೆ ಅನುಮಾನನಾ" ಅಂದರೆ "ಎಲ್ಲರದ್ದೂ ನೋಡುತ್ತೇನೆ" ಅನ್ನಿ. ಬೈಕಾದರೆ ಮಾಲೀಕತ್ವ ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಆಗದೆ ಪೂರ್ತಿ ಹಣ ಕೊಡಬೇಡಿ. ಕೊಂಡ ಮೇಲೆ 30 ದಿನದೊಳಗೆ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಅದನ್ನು ಎಳೆದರೆ ನಿಮ್ಮ ಸಿಗ್ನಲ್ ಜಂಪ್‌ನ ದಂಡ ಹಳೇ ಮಾಲೀಕರಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟ ನಡತೆ ಈ ವ್ಯವಹಾರದಲ್ಲಿ ಇಲ್ಲ.

ಬಂದ ಮೇಲೆ

ಕಟ್ಟು ಬಿಚ್ಚುವಾಗ ವಿಡಿಯೊ ಮಾಡಿ. ವಿಳಾಸದ ಚೀಟಿ ಕಾಣುವಂತೆ ಶುರು ಮಾಡಿ, ನಡುವೆ ನಿಲ್ಲಿಸದೆ. ಬಂದ ದಿನವೇ "ತಲುಪಿತು, ಚೆನ್ನಾಗಿದೆ" ಅಂತ ತಿಳಿಸಿ. ಕಳಿಸಿದವರು ಅದಕ್ಕಾಗಿ ಕಾಯುತ್ತಿರುತ್ತಾರೆ.

ತೊಂದರೆ ಇದ್ದರೆ 24 ಗಂಟೆಯೊಳಗೆ ಹೇಳಿ. ಏನು ಹೇಳಿದ್ದರು, ಏನು ಬಂದಿದೆ, ನಿಮಗೆ ಏನು ಬೇಕು. "ಅಂಚಿನ ಹತ್ತಿರ ಎರಡು ಇಂಚು ನೂಲು ಹೋಗಿದೆ, ವಿಡಿಯೊ ಹಾಕಿದ್ದೇನೆ. ಬದಲಿ ಕೊಡುತ್ತೀರಾ, ಅಥವಾ 400 ವಾಪಸ್ ಮಾಡುತ್ತೀರಾ?" ಇಂಥ ಮಾತಿಗೆ ಉತ್ತರ ಬರುತ್ತದೆ. "ಎಂಥ ಜನ ನೀವು" ಅಂದರೆ ಉತ್ತರವೂ ಹಾಗೇ ಬರುತ್ತದೆ. ಒಂದು ಸಲ ಉಟ್ಟು, ಮದುವೆಗೆ ಹೋಗಿ ಬಂದು, ಸೀರೆ ಬೇಡ ಅನ್ನುವವರೂ ಇದ್ದಾರೆ. ಸೀರೆ ಮಾರುವ ಯಾರನ್ನಾದರೂ ಕೇಳಿ.

ಪೂರ್ತಿ ಮೋಸ ಅಂತ ಖಾತ್ರಿಯಾದರೆ, ಅಂದರೆ ಹಣ ಹೋಗಿದೆ, ನಂಬರ್ ಬ್ಲಾಕ್, ಪ್ರೊಫೈಲ್ ಮಾಯ, ಆಗ ಮರ್ಯಾದೆಯ ಮಾತಿಲ್ಲ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಟಿಆರ್ ನಂಬರ್, ತಾರೀಖು, ಮೊತ್ತ, ಆ ಕಡೆಯ ಯುಪಿಐ ಐಡಿ ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ಹಾರುವ ಮುಂಚೆ ತಡೆಯಬೇಕು, ಹಾಗಾಗಿ ನಿಮಿಷಗಳ ಲೆಕ್ಕ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಚಾಟ್ ಅಳಿಸಬೇಡಿ.

ಎಲ್ಲ ಸರಿಯಾಗಿ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅವರ ನಂಬರ್ ನಿಮ್ಮ ಫೋನಿನಲ್ಲಿ ಕೂತಿದೆ. ಅದಕ್ಕೆ ದಿನಾ ಬೆಳಗ್ಗೆ ಶುಭೋದಯದ ಹೂವು ಕಳಿಸಬೇಡಿ. ಯಾರಾದರೂ "ಆ ಸೀರೆಯವರ ನಂಬರ್ ಕೊಡಿ" ಅಂದರೆ ಮೊದಲು ಅವರನ್ನೇ ಕೇಳಿ. ಅಡೀನಿಯಂ ಮಾರಿದ ತಾಯಿಯನ್ನು ಕೇಳಿದಾಗ ಅವರು ಬರೆದಿದ್ದು: "ಕೊಡಿ, ಆದ್ರೆ ಮಧ್ಯಾಹ್ನ ಎರಡರಿಂದ ನಾಲ್ಕು ಫೋನ್ ಮಾಡ್ಬೇಡಿ ಅಂತ ಹೇಳಿ. ಮಲಗಿರ್ತೀನಿ."